ಉಪ್ಪನ್ನು ಹೊರಗಿಡಲು ಕಗ್ಗ ಕೊಡುವ ಬೆಲೆ

ಪ್ರಶ್ನೆ: ನಮ್ಮದು ಕುಮಟಾ ತಾಲೂಕು, ಅಘನಾಶಿನಿ ಹೊಳೆಯ ದಂಡೆ. ಗಜನಿಯಲ್ಲಿ, ಅಂದರೆ ಹೊಳೆಯ ಉಪ್ಪು ನೀರು ಬರುವ ಗದ್ದೆಯಲ್ಲಿ, ಕಗ್ಗ ಭತ್ತ ಬೆಳೆಯುತ್ತೇವೆ. ಮಗಳು ಪಿಯುಸಿ ಓದುತ್ತಿದ್ದಾಳೆ. ಜೀವಕೋಶ ಶಕ್ತಿ ಖರ್ಚು ಮಾಡಿ ಉಪ್ಪನ್ನು ಹೊರಗೆ ಹಾಕುತ್ತದೆ ಎಂದು ಅವಳ ಪುಸ್ತಕದಲ್ಲಿದೆ. ನೀರು, ಉಪ್ಪು ತಾವಾಗಿಯೇ ಓಡಾಡುತ್ತವೆ ಎಂದೂ ಅದೇ ಪುಸ್ತಕದಲ್ಲಿದೆ. ತಾನಾಗಿ ಆಗುವ ಕೆಲಸಕ್ಕೆ ಖರ್ಚು ಯಾಕೆ? ಕಗ್ಗ ಉಪ್ಪು ತಡೆದುಕೊಳ್ಳುವುದೂ ಇದರಿಂದಲೇನು? ಹೋದ ವರ್ಷ ಕಟ್ಟೆ ಒಡೆದು ಹೊಳೆ ನೀರು ನುಗ್ಗಿತು. ತುದಿ ನೀರಿನ ಮೇಲಿದ್ದ ಸಸಿ ಉಳಿಯಿತು, ಪೂರ್ತಿ ಮುಳುಗಿದ್ದು ಸತ್ತಿತು. ನೀರು ಒಂದೇ, ಉಪ್ಪೂ ಒಂದೇ. ಹೀಗೇಕೆ? ಮತ್ತೊಂದು, ಭೇದಿಯಾದಾಗ ಉಪ್ಪು ಸಕ್ಕರೆ ಎರಡೂ ಹಾಕಿದ ನೀರೇ ಯಾಕೆ ಬೇಕು ಎಂದು ಮಗಳು ಕೇಳಿದಳು. ನನಗೆ ಹೇಳಲು ಬರಲಿಲ್ಲ.

ಉತ್ತರ: ನೀವು ನಾಲ್ಕು ಪ್ರಶ್ನೆ ಕೇಳಿದ್ದೀರಿ. ಆದರೆ ನಾಲ್ಕಕ್ಕೂ ಬುಡ ಒಂದೇ. ಮೂವತ್ತು ವರ್ಷ ಕಾಲೇಜಿನಲ್ಲಿ ಈ ಪಾಠ ಮಾಡಿದ್ದೇನೆ. ಮುಳುಗಿದ ಸಸಿಯ ಬಗ್ಗೆ ನೀವು ಕೇಳಿದಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ, ಯಾಕೆಂದರೆ ಅಲ್ಲಿಗೆ ಹೋಗಲು ಉಳಿದ ಮೂರೂ ಬೇಕು.

ಮೊದಲು ತಾನಾಗಿ ಆಗುವುದನ್ನು ನೋಡೋಣ. ಮಾವಿನ ಮಿಡಿಗೆ ಉಪ್ಪು ಹಾಕಿ ಭರಣಿಯಲ್ಲಿಟ್ಟರೆ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಮಿಡಿ ನೀರು ಬಿಡುತ್ತದೆ, ಮುರುಟುತ್ತದೆ. ನಾವು ಹಿಂಡಲಿಲ್ಲ, ಒತ್ತಲಿಲ್ಲ. ಹೊರಗೆ ಉಪ್ಪು ಜಾಸ್ತಿ, ಅದಕ್ಕೇ ಒಳಗಿನ ನೀರು ಹೊರಗೆ ಬಂತು. ಉಪ್ಪು ನಿಧಾನವಾಗಿ ಒಳಗೆ ಹೋಯಿತು. ಕೆಲವು ವಾರ ಕಳೆದರೆ ಒಳಗೂ ಹೊರಗೂ ಒಂದೇ ಹದ. ಇದಕ್ಕೆ ಯಾರೂ ಖರ್ಚು ಮಾಡಬೇಕಾಗಿಲ್ಲ. ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ವಸ್ತು ಹೋಗುವುದು ಇಳಿಜಾರಿನಲ್ಲಿ ನೀರು ಹರಿದಂತೆ.

ಇಲ್ಲಿ ಒಂದು ಮಾತು ಗಮನಿಸಿ. ಮಿಡಿ ಆ ಹೊತ್ತಿಗೆ ಸತ್ತಿರುತ್ತದೆ. ಒಳಗೂ ಹೊರಗೂ ಎಲ್ಲ ಸಮವಾಗುವುದು ಸತ್ತ ವಸ್ತುವಿನಲ್ಲಿ ಮಾತ್ರ. ಬದುಕಿರುವ ಯಾವ ಜೀವಕೋಶದಲ್ಲೂ ಒಳಗು ಹೊರಗು ಸಮ ಇರುವುದಿಲ್ಲ.

ನಮ್ಮದೇ ಮೈ ತೆಗೆದುಕೊಳ್ಳಿ. ಉಪ್ಪಿನಲ್ಲಿರುವ ಸೋಡಿಯಂ ರಕ್ತದ ನೀರಿನಲ್ಲಿ ಲೀಟರಿಗೆ ಸುಮಾರು 140 ಮಿಲಿಮೋಲ್ ಇರುತ್ತದೆ (ಮಿಲಿಮೋಲ್ ಅಂದರೆ ಕಣಗಳನ್ನು ಎಣಿಸುವ ಒಂದು ಅಳತೆ). ಜೀವಕೋಶದ ಒಳಗೆ ಬರೀ 10ರಿಂದ 15. ಪೊಟ್ಯಾಸಿಯಂ ಇದಕ್ಕೆ ಸರಿ ಉಲ್ಟಾ. ಒಳಗೆ ಸುಮಾರು 140, ಹೊರಗೆ 4 ಅಥವಾ 5. ನಡುವೆ ಇರುವುದು ಕೊಬ್ಬಿನ ಎರಡು ಪದರದ ಒಂದು ಪೊರೆ. ಅದರ ದಪ್ಪ ಒಂದು ಮಿಲಿಮೀಟರಿನ ಲಕ್ಷದಲ್ಲಿ ಒಂದು ಪಾಲೂ ಇಲ್ಲ. ಆ ಪೊರೆಯಲ್ಲಿ ಅಲ್ಲಲ್ಲಿ ಸೋರುವ ದಾರಿಗಳೂ ಇವೆ. ಆದರೂ ನೀವು ಹುಟ್ಟಿದಂದಿನಿಂದ ಇವತ್ತಿನವರೆಗೆ ಈ ವ್ಯತ್ಯಾಸ ಕೆಟ್ಟಿಲ್ಲ. ಸೋರಿದ್ದನ್ನು ಯಾರೋ ಹೊತ್ತು ವಾಪಸು ಹಾಕುತ್ತಿದ್ದಾರೆ ಎಂದಾಯಿತು, ಅಲ್ವಾ?

ನಿಮ್ಮ ಗಜನಿಯನ್ನೇ ನೆನಪು ಮಾಡಿಕೊಳ್ಳಿ. ಕಟ್ಟೆಯಲ್ಲಿ ಹಲಗೆ ಬಾಗಿಲು ಇದೆ. ಇಳಿತದ ಹೊತ್ತಿಗೆ ಹಲಗೆ ಎತ್ತಿದರೆ ಗದ್ದೆಯ ನೀರು ತಾನಾಗಿ ಹೊಳೆಗೆ ಹೋಗುತ್ತದೆ. ಭರತಿಯಲ್ಲಿ ಎತ್ತಿದರೆ ಹೊಳೆ ನೀರು ಒಳಗೆ ಬರುತ್ತದೆ. ಬಾಗಿಲು ತೆರೆಯುವುದು, ಮುಚ್ಚುವುದು ನಿಮ್ಮ ಕೈಯಲ್ಲಿದೆ. ಆದರೆ ನೀರು ಯಾವ ಕಡೆ ಹರಿಯಬೇಕು ಎನ್ನುವುದು ಬಾಗಿಲಿನ ಕೈಯಲ್ಲಿಲ್ಲ. ಭರತಿಯ ಹೊತ್ತಿನಲ್ಲಿ ಗದ್ದೆ ನೀರನ್ನು ಹೊಳೆಗೆ ಹಾಕಬೇಕು ಅಂದರೆ ಪಂಪು ಬೇಕು, ಡೀಸೆಲ್ ಬೇಕು.

ಜೀವಕೋಶದ ಪೊರೆಯಲ್ಲೂ ಈ ಎರಡು ಜಾತಿ ಇವೆ. ಎರಡೂ ಪ್ರೋಟೀನಿನಿಂದ ಆದವು. ಒಂದು ಬಾಗಿಲು, ಇನ್ನೊಂದು ಪಂಪು. ಬಾಗಿಲು ತೆರೆದರೆ ಸೆಕೆಂಡಿಗೆ ಕೋಟಿ ಲೆಕ್ಕದಲ್ಲಿ ಕಣಗಳು ನುಗ್ಗುತ್ತವೆ, ಆದರೆ ಇಳಿಜಾರಿನ ಕಡೆಗೆ ಮಾತ್ರ. ಪಂಪು ಒಂದೊಂದಾಗಿ ಹಿಡಿದು, ತಿರುಗಿಸಿ, ಆಚೆ ಬಿಡುತ್ತದೆ. ಸೆಕೆಂಡಿಗೆ ಹೆಚ್ಚೆಂದರೆ ಕೆಲವು ನೂರು. ನಿಧಾನ, ಆದರೆ ಏರಿನ ಕಡೆಗೆ. ಮಗಳ ಪುಸ್ತಕದಲ್ಲಿ ಸಕ್ರಿಯ ಸಾಗಣೆ ಅಂತ ಇರುವುದು ಈ ಎರಡನೆಯದು. ಪುಸ್ತಕದ ಎರಡು ಮಾತೂ ನಿಜ. ಇಳಿಜಾರಿಗೆ ಖರ್ಚಿಲ್ಲ, ಏರಿಗೆ ಖರ್ಚು.

ಈ ಪಂಪು ಸಿಕ್ಕಿದ ಕಥೆ ನಮ್ಮ ಕರಾವಳಿಯವರಿಗೆ ಖುಷಿ ಕೊಡುವಂಥದ್ದು. ಅದು ಸಿಕ್ಕಿದ್ದು ಏಡಿಯ ಕಾಲಿನಲ್ಲಿ. ಯೆನ್ಸ್ ಸ್ಕೋ ಎಂಬವರು ಡೆನ್ಮಾರ್ಕಿನ ವೈದ್ಯರು. ಮರಗಟ್ಟಿಸುವ ಇಂಜೆಕ್ಷನ್ ನರದ ಪೊರೆಯ ಮೇಲೆ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ಹೊರಟಿದ್ದರು. ಅದಕ್ಕೆ ಕಡಲ ದಂಡೆಯ ಏಡಿಯ ಕಾಲಿನ ನರಗಳನ್ನು ತೆಗೆದು ಅರೆದರು. ಆ ನರದ ಪೊರೆಯಲ್ಲಿ, ಜೀವಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಎಂಬ ವಸ್ತುವನ್ನು ಒಡೆಯುವ ಒಂದು ಪ್ರೋಟೀನ್ ಇತ್ತು. ಸೋಡಿಯಂ ಮತ್ತು ಪೊಟ್ಯಾಸಿಯಂ ಎರಡೂ ಒಟ್ಟಿಗೆ ಇದ್ದಾಗ ಅದರ ಕೆಲಸ ಜೋರಾಗುತ್ತಿತ್ತು. ಒಂದೇ ಇದ್ದರೆ ಹಾಗಾಗುತ್ತಿರಲಿಲ್ಲ. 1957ರಲ್ಲಿ ಅವರು ಇದನ್ನು ಪ್ರಕಟಿಸಿದರು. ಅದೇ ಸೋಡಿಯಂ-ಪೊಟ್ಯಾಸಿಯಂ ಪಂಪು. ನಲವತ್ತು ವರ್ಷ ಕಳೆದು, 1997ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು.

ಎಟಿಪಿ ಅಂದರೆ ಜೀವಕೋಶದ ಡೀಸೆಲ್ ಅಂದುಕೊಳ್ಳಿ. ನಾವು ತಿಂದ ಅನ್ನವನ್ನು, ಉಸಿರಾಡಿದ ಆಮ್ಲಜನಕವನ್ನು ಬಳಸಿ ಜೀವಕೋಶ ಅದನ್ನು ಮಾಡಿಕೊಳ್ಳುತ್ತದೆ. ಪಂಪಿನ ಕೆಲಸ ಹೀಗೆ. ಅದರ ಬಾಯಿ ಮೊದಲು ಒಳಗಡೆಗೆ ತೆರೆದಿರುತ್ತದೆ. ಮೂರು ಸೋಡಿಯಂ ಬಂದು ಕೂರುತ್ತವೆ. ಎಟಿಪಿ ಒಡೆದು, ಅದರ ಒಂದು ಫಾಸ್ಫೇಟ್ ತುಂಡು ಪಂಪಿಗೆ ಅಂಟಿಕೊಳ್ಳುತ್ತದೆ. ಅದು ಅಂಟಿದ ಕೂಡಲೇ ಪಂಪಿನ ಆಕಾರವೇ ಬದಲಾಗಿ ಬಾಯಿ ಹೊರಗಡೆಗೆ ತೆರೆಯುತ್ತದೆ. ಮೂರು ಸೋಡಿಯಂ ಹೊರಗೆ ಬಿದ್ದವು. ಅದೇ ಜಾಗಕ್ಕೆ ಎರಡು ಪೊಟ್ಯಾಸಿಯಂ ಬಂದು ಕೂತವು. ಫಾಸ್ಫೇಟ್ ಕಳಚಿತು, ಬಾಯಿ ಮತ್ತೆ ಒಳಗಡೆಗೆ ತಿರುಗಿತು. ಮೂರು ಹೊರಗೆ, ಎರಡು ಒಳಗೆ, ಒಂದು ಎಟಿಪಿ ಖರ್ಚು. ಮಗಳು ಬಾಯಿಪಾಠ ಮಾಡುವುದಾದರೆ ಇದನ್ನು ಮಾಡಲಿ. ಆದರೆ ಆಕಾರ ಬದಲಾಗುವುದನ್ನು ಮನಸ್ಸಿನಲ್ಲಿ ನೋಡಿದರೆ ಬಾಯಿಪಾಠವೇ ಬೇಡ.

ಖರ್ಚು ಎಷ್ಟು ಗೊತ್ತೇ? ನೀವು ಏನೂ ಮಾಡದೆ ಸುಮ್ನೆ ಮಲಗಿದ್ದರೂ ಮೈ ಖರ್ಚು ಮಾಡುವ ಶಕ್ತಿಯಲ್ಲಿ ಹೆಚ್ಚುಕಮ್ಮಿ ಐದರಲ್ಲಿ ಒಂದು ಪಾಲು ಈ ಒಂದು ಪಂಪಿಗೇ ಹೋಗುತ್ತದೆ. ಮಿದುಳಿನಲ್ಲಿ ಇನ್ನೂ ಜಾಸ್ತಿ. ನಾವು ಊಟ ಮಾಡುವುದು ಕೈಕಾಲು ಆಡಿಸಲಿಕ್ಕೆ ಎಂದುಕೊಂಡಿರುತ್ತೇವೆ. ಊಟದ ಒಂದು ದೊಡ್ಡ ಪಾಲು ಉಪ್ಪನ್ನು ಹೊರಗೆ ಹಾಕುವುದಕ್ಕೇ ಹೋಗುತ್ತದೆ.

ಪಂಪು ನಿಂತರೆ? ರಕ್ತನಿಧಿಯಲ್ಲಿ ರಕ್ತವನ್ನು 2ರಿಂದ 6 ಡಿಗ್ರಿ ತಂಪಿನಲ್ಲಿ ಇಡುತ್ತಾರೆ. ಆ ತಂಪಿಗೆ ಪಂಪು ಬಹುಪಾಲು ನಿಲ್ಲುತ್ತದೆ, ಸೋರಿಕೆ ಮಾತ್ರ ನಿಲ್ಲುವುದಿಲ್ಲ. ದಿನ ಕಳೆದಂತೆ ಕೆಂಪು ಕಣಗಳ ಪೊಟ್ಯಾಸಿಯಂ ಹೊರಗೆ ಬರುತ್ತಾ ಹೋಗುತ್ತದೆ. ಅದೇ ರಕ್ತ ಮೈಗೆ ಏರಿ ಬಿಸಿಯಾದಾಗ ಪಂಪು ಮತ್ತೆ ಶುರುವಾಗಿ ಪೊಟ್ಯಾಸಿಯಂ ಒಳಗೆ ಎಳೆದುಕೊಳ್ಳುತ್ತದೆ. ತಂಪಿನಲ್ಲಿ ಇದು ನಿಧಾನಕ್ಕೆ ಆಗುವುದರಿಂದ ಪರವಾಗಿಲ್ಲ. ಮಿದುಳಿಗೆ ರಕ್ತ ನಿಂತರೆ ಹಾಗಲ್ಲ. ಆಮ್ಲಜನಕ ಇಲ್ಲ, ಎಟಿಪಿ ಇಲ್ಲ, ಪಂಪು ನಿಂತಿತು. ಸೋಡಿಯಂ ಒಳಗೆ ತುಂಬಿತು, ಅದರ ಹಿಂದೆ ನೀರು ಬಂತು. ಕೆಲವೇ ನಿಮಿಷಗಳಲ್ಲಿ ಜೀವಕೋಶ ಊದಿಕೊಳ್ಳುತ್ತದೆ.

ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬೇಲಿಯಲ್ಲಿ ಬೆಳೆಸುವ ಕಣಗಿಲೆಯ ವಿಷ ಹಿಡಿಯುವುದು ಸರಿಯಾಗಿ ಈ ಪಂಪನ್ನೇ. ಅದಕ್ಕೇ ಅದು ಹೃದಯದ ಬಡಿತ ಕೆಡಿಸಿ ಕೊಲ್ಲುತ್ತದೆ. ಎಲೆ, ಹೂವು, ಬೀಜ, ಕಡ್ಡಿ ಎಲ್ಲದರಲ್ಲೂ ವಿಷವಿದೆ. ಮಕ್ಕಳ ಬಾಯಿಗೆ, ದನದ ಮೇವಿಗೆ ಬೀಳದಂತೆ ನೋಡಿಕೊಳ್ಳಿ.

ಈಗ ನಾನು ಬಹಳ ಮುಖ್ಯ ಅಂದುಕೊಂಡಿರುವ ಮಾತಿಗೆ ಬರುತ್ತೇನೆ. ಪುಸ್ತಕ ಇದನ್ನು ಒಂದೆರಡು ಸಾಲಿನಲ್ಲಿ ಮುಗಿಸುತ್ತದೆ, ಅದು ನನಗೆ ಯಾವಾಗಲೂ ಬೇಸರದ ವಿಷಯ. ಜೀವಕೋಶ ಪ್ರತಿಯೊಂದು ವಸ್ತುವಿಗೂ ಬೇರೆ ಬೇರೆ ಡೀಸೆಲ್ ಪಂಪು ಇಟ್ಟುಕೊಂಡಿಲ್ಲ. ಬಹುಪಾಲು ಖರ್ಚನ್ನು ಒಂದೆರಡು ಕಡೆ ಮಾಡುತ್ತದೆ. ಒಂದು ಪಂಪಿನಿಂದ ದೊಡ್ಡ ಏರು ತಗ್ಗು ಮಾಡಿಟ್ಟುಕೊಳ್ಳುತ್ತದೆ. ಆಮೇಲೆ ಆ ತಗ್ಗಿಗೆ ಬೀಳುವ ನೀರಿನಿಂದ ಉಳಿದ ಚಕ್ರಗಳನ್ನು ತಿರುಗಿಸುತ್ತದೆ. ಕಾಳಿ ನದಿಯ ನೀರನ್ನು ಸೂಪಾದಲ್ಲಿ ಎತ್ತರಕ್ಕೆ ತಡೆದು ನಿಲ್ಲಿಸಿ, ಇಳಿಯುವಾಗ ಕರೆಂಟು ತೆಗೆಯುತ್ತಾರಲ್ಲ, ಹಾಗೆ.

ಉಪ್ಪು ಸಕ್ಕರೆ ನೀರಿನ ಗುಟ್ಟು ಇದೇ. ಸಣ್ಣ ಕರುಳಿನ ಒಳಮೈಯಲ್ಲಿ ಒಂದು ಬಾಗಿಲು ಇದೆ. ಅದು ಎರಡು ಸೋಡಿಯಂ ಮತ್ತು ಒಂದು ಗ್ಲೂಕೋಸ್ ಜೊತೆಯಾಗಿ ಬಂದರೆ ಮಾತ್ರ ತಿರುಗುತ್ತದೆ. ಜೀವಕೋಶದ ಒಳಗೆ ಸೋಡಿಯಂ ಕಡಿಮೆ, ಯಾಕೆಂದರೆ ಆಚೆ ಬದಿಯಲ್ಲಿ ಪಂಪು ಅದನ್ನು ಎತ್ತಿ ಎತ್ತಿ ರಕ್ತದ ಕಡೆ ಹಾಕುತ್ತಲೇ ಇದೆ. ಹಾಗಾಗಿ ಸೋಡಿಯಂ ಇಳಿಜಾರಿನಲ್ಲಿ ಒಳಗೆ ಬೀಳುತ್ತದೆ. ಬೀಳುವಾಗ ಗ್ಲೂಕೋಸನ್ನೂ ಎಳೆದುಕೊಂಡು ಬರುತ್ತದೆ. ಇಬ್ಬರೂ ಒಳಗೆ ಹೋದ ಮೇಲೆ ನೀರು ಹಿಂದೆಯೇ ಹೋಗುತ್ತದೆ. ಬರೀ ನೀರು ಕುಡಿದರೆ ಎಳೆಯುವವರಿಲ್ಲ. ಬರೀ ಉಪ್ಪು ನೀರಾದರೆ ಜೊತೆಗಾರ ಇಲ್ಲ. ಬರೀ ಸಕ್ಕರೆ ಜಾಸ್ತಿ ಹಾಕಿದರೆ ಅದೇ ಮಿಡಿಯ ಕಥೆ, ಮೈಯ ನೀರು ಕರುಳಿಗೆ ಬಂದು ಭೇದಿ ಹೆಚ್ಚಾಗುತ್ತದೆ. ಬಾಟಲಿಯ ಸಿಹಿ ಪಾನೀಯ ಕೊಡಬೇಡಿ ಅನ್ನುವುದು ಅದಕ್ಕೇ.

ಕಾಲರಾದಲ್ಲೂ ಈ ಜೋಡಿ ಬಾಗಿಲು ಕೆಡುವುದಿಲ್ಲ. ನನಗೆ ಇದು ಎಷ್ಟು ಸಲ ಹೇಳಿದರೂ ಮೈ ಜುಮ್ಮೆನ್ನುವ ಸಂಗತಿ. ಮೈಯಿಂದ ನೀರು ಧಾರೆಯಾಗಿ ಹೋಗುತ್ತಿರುವಾಗಲೂ ವಾಪಸು ಬರುವ ಒಂದು ದಾರಿ ತೆರೆದೇ ಇರುತ್ತದೆ. 1971ರಲ್ಲಿ ಬಾಂಗ್ಲಾದೇಶದ ಯುದ್ಧದ ಕಾಲಕ್ಕೆ ಬಂಗಾಳದ ಬೊನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂತು. ಡ್ರಿಪ್ ಬಾಟಲಿಗಳು ಸಾಲಲಿಲ್ಲ. ಡಾ. ದಿಲೀಪ್ ಮಹಲನಬಿಸ್ ಡ್ರಮ್ಮುಗಳಲ್ಲಿ ಉಪ್ಪು ಗ್ಲೂಕೋಸ್ ನೀರು ಕಲಸಿ, ಮನೆಯವರ ಕೈಯಿಂದಲೇ ರೋಗಿಗಳಿಗೆ ಕುಡಿಸಿದರು. ನೂರಕ್ಕೆ ಮೂವತ್ತರ ಹತ್ತಿರ ಇದ್ದ ಸಾವು ನಾಲ್ಕಕ್ಕಿಂತ ಕೆಳಗೆ ಬಂತು. 2023ರಲ್ಲಿ, ಅವರು ತೀರಿಕೊಂಡ ಮರುವರ್ಷ, ಅವರಿಗೆ ಪದ್ಮವಿಭೂಷಣ ಘೋಷಣೆಯಾಯಿತು.

ಅಂಗಡಿಯ ಓಆರ್‌ಎಸ್ ಪೊಟ್ಟಣ ಸಿಕ್ಕರೆ ಅದೇ ಒಳ್ಳೆಯದು. ಪೊಟ್ಟಣದ ಮೇಲೆ ಎಷ್ಟು ನೀರು ಎಂದು ಬರೆದಿದೆಯೋ ಅಷ್ಟಕ್ಕೇ ಕಲಸಿ. ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಚಮಚ ಸಮ ಮಟ್ಟ ಇರಲಿ, ರಾಶಿ ಬೇಡ. ನಮ್ಮ ಕಡೆ ಕೊಡುವ ಉಪ್ಪು ಹಾಕಿದ ಗಂಜಿ ತಿಳಿಯೂ ಸರಿಯಾದದ್ದೇ. ಅನ್ನದ ಗಂಜಿ ಕರುಳಿನಲ್ಲಿ ಒಡೆದು ಗ್ಲೂಕೋಸೇ ಆಗುತ್ತದೆ. ಮಗು ಮಂಕಾದರೆ, ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ, ಭೇದಿಯಲ್ಲಿ ರಕ್ತ ಕಂಡರೆ ಮನೆಮದ್ದಿನಲ್ಲಿ ಹೊತ್ತು ಕಳೆಯಬೇಡಿ, ಆಸ್ಪತ್ರೆಗೆ ಹೋಗಿ.

ಇನ್ನು ಗಿಡಗಳು. ಇಲ್ಲಿ ಮಗಳಿಗೆ ಒಂದು ತಿದ್ದುಪಡಿ ಹೇಳಬೇಕು. ಭತ್ತದಲ್ಲಿ ಏಡಿಯ ಆ ಪಂಪು ಇಲ್ಲ. ಗಿಡದ ಮುಖ್ಯ ಪಂಪು ಬೇರೆ. ಅದು ಎಟಿಪಿ ಖರ್ಚು ಮಾಡಿ ಪ್ರೋಟಾನನ್ನು, ಅಂದರೆ ಹುಳಿಯ ಕಣವನ್ನು, ಹೊರಗೆ ತಳ್ಳುತ್ತದೆ. ನಮ್ಮ ಹೊಟ್ಟೆಯಲ್ಲೂ ಹುಳಿ ಬಿಡುವ ಒಂದು ಪಂಪು ಇದೆ. ಎದೆಯುರಿಗೆ ಬೆಳಿಗ್ಗೆ ಊಟಕ್ಕೆ ಮುಂಚೆ ನುಂಗುವ ಪ್ಯಾಂಟೊಪ್ರಜೋಲ್ ಮಾತ್ರೆ ನಿಲ್ಲಿಸುವುದು ಅದನ್ನೇ. ಗಿಡದ ಬೇರಿನಲ್ಲಿ ಪ್ರೋಟಾನ್ ಹೊರಗೆ ಜಾಸ್ತಿಯಾಗುತ್ತದೆ, ವಾಪಸು ಒಳಗೆ ಬೀಳಲು ನೋಡುತ್ತದೆ. ಪೊರೆಯಲ್ಲಿ ಒಂದು ಅದಲುಬದಲು ಬಾಗಿಲು ಇದೆ. ಒಂದು ಪ್ರೋಟಾನ್ ಒಳಗೆ ಬಿಟ್ಟು ಒಂದು ಸೋಡಿಯಂ ಹೊರಗೆ ಹಾಕುತ್ತದೆ. ಇಲ್ಲೂ ಅದೇ ಲೆಕ್ಕ, ಒಂದು ಕಡೆ ಖರ್ಚು, ಅದರ ಇಳಿಜಾರಿನಲ್ಲಿ ಉಳಿದ ಕೆಲಸ. ಹೊರಗೆ ಹಾಕಲಾಗದ ಸೋಡಿಯಂ ಇದ್ದರೆ ಜೀವಕೋಶದ ನಡುವೆ ಇರುವ ನೀರಿನ ದೊಡ್ಡ ಚೀಲಕ್ಕೆ, ಪುಸ್ತಕದ ರಸದಾನಿಗೆ, ಅದೇ ರೀತಿ ತುಂಬಿ ಬಾಗಿಲು ಹಾಕುತ್ತದೆ. ಬೇಡದ ಸಾಮಾನನ್ನು ಅಟ್ಟಕ್ಕೆ ಹಾಕಿದ ಹಾಗೆ.

ಉಪ್ಪು ತಡೆಯುವ ಭತ್ತಗಳಿಗೂ ಉಳಿದ ಭತ್ತಗಳಿಗೂ ಇರುವ ವ್ಯತ್ಯಾಸದ ಒಂದು ಮುಖ್ಯ ಅಂಶ ಎಲೆಗೆ ಎಷ್ಟು ಸೋಡಿಯಂ ತಲುಪುತ್ತದೆ ಎನ್ನುವುದು. ಬಂಗಾಳದ ಉಪ್ಪು ನೆಲದಲ್ಲಿ ಬೆಳೆಯುವ ನೋನಾ ಬೊಕ್ರಾ ಎಂಬ ಹಳೆಯ ತಳಿಯಲ್ಲಿ ಇದಕ್ಕೆ ಕಾರಣವಾದ ಒಂದು ಜೀನ್ 2005ರಲ್ಲಿ ಸಿಕ್ಕಿತು. ಅದು ಮಾಡುವ ಪ್ರೋಟೀನ್, ಬೇರಿನಿಂದ ಎಲೆಗೆ ಏರುವ ನೀರಿನಲ್ಲಿರುವ ಸೋಡಿಯಂ ಅನ್ನು ದಾರಿಯಲ್ಲೇ ಹಿಡಿದು ಹಿಂದಕ್ಕೆ ಎಳೆಯುತ್ತದೆ. ಎಲೆಗೆ ಹೋಗುವ ನೀರು ಸಿಹಿಯಾಗಿ ಉಳಿಯುತ್ತದೆ. ಉಪ್ಪು ತಡೆಯದ ತಳಿಯಲ್ಲಿ ಎಲೆಯ ತುದಿ ಮೊದಲು ಸುಡುತ್ತದಲ್ಲ, ಅದು ಏರಿದ ನೀರು ಆವಿಯಾಗಿ ಉಪ್ಪು ಅಲ್ಲೇ ಉಳಿದದ್ದು. ಸಾಣಿಕಟ್ಟೆಯ ಉಪ್ಪಿನ ಆಗರದಲ್ಲಿ ಆಗುವುದೂ ಅದೇ, ಇಲ್ಲಿ ಎಲೆಯೊಳಗೆ ಆಗುತ್ತದೆ.

ಹೊಳೆ ದಂಡೆಯ ಉಪ್ಪು ನೀರಿನಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳನ್ನು ನೋಡಿದರೆ ಇನ್ನೂ ಸೋಜಿಗ. ಕಾಲು ಊರಿದ ಹಾಗೆ ಬೇರು ಬಿಡುವ ರೈಜೋಫೊರಾ ಜಾತಿ, ಸಮುದ್ರದ ನೀರಿನ ಉಪ್ಪಿನಲ್ಲಿ ಬಹುಪಾಲನ್ನು ಬೇರಿನ ಹತ್ತಿರವೇ ಸೋಸಿ ಬಿಡುತ್ತದೆ. ಇದಕ್ಕೆ ದೊಡ್ಡ ಖರ್ಚು ಇರಬೇಕು ಎಂದೇ ಎಲ್ಲರೂ ಎಣಿಸುತ್ತಾರೆ. 1968ರಲ್ಲಿ ಷೊಲಾಂಡರ್ ಎಂಬ ವಿಜ್ಞಾನಿ ಬೇರಿಗೆ ವಿಷ ಹಾಕಿ, ತಂಪು ಮಾಡಿ ನೋಡಿದರು. ಆದರೂ ಸೋಸುವುದು ನಿಲ್ಲಲಿಲ್ಲ. ಎಲೆ ಮೇಲಿನಿಂದ ಹೀರುವ ಎಳೆತಕ್ಕೆ ನೀರು ಪೊರೆಯ ಮೂಲಕ ಬರುತ್ತದೆ, ಉಪ್ಪು ಹೊರಗೆ ಉಳಿಯುತ್ತದೆ. ಅಂದರೆ ಉಪ್ಪು ತಡೆಯುವ ಎಲ್ಲ ಕೆಲಸವೂ ಪಂಪಿನದ್ದಲ್ಲ. ಅವಿಸೀನಿಯಾ ಜಾತಿಯದ್ದು ಬೇರೆ ದಾರಿ. ಅದರ ಎಲೆಯ ಮೇಲೆ ಬಿಸಿಲಿಗೆ ಉಪ್ಪಿನ ಹರಳು ಕಾಣುತ್ತದೆ, ನೆಕ್ಕಿದರೆ ಗೊತ್ತಾಗುತ್ತದೆ. ಅದು ಎಲೆಯ ಸಣ್ಣ ಗ್ರಂಥಿಗಳು ಎಟಿಪಿ ಸುಟ್ಟು ಹೊರಗೆ ಹಾಕಿದ ಉಪ್ಪು. ಒಂದೇ ಹೊಳೆಯ ದಂಡೆಯಲ್ಲಿ ಅಕ್ಕಪಕ್ಕ ನಿಂತ ಎರಡು ಗಿಡ, ಎರಡು ಲೆಕ್ಕ.

ಮಳೆಗಾಲದಲ್ಲಿ ಹೊಳೆ ಸಿಹಿಯಾದಾಗ ಏಡಿ ಇದೇ ಕೆಲಸವನ್ನು ತಿರುಗಿಸಿ ಮಾಡುತ್ತದೆ, ಕಿವಿರಿನ ಪಂಪಿನಿಂದ ಉಪ್ಪನ್ನು ಒಳಗೆ ಎಳೆದುಕೊಳ್ಳುತ್ತದೆ. ಬಳಚು ಅಷ್ಟು ಖರ್ಚಿಗೆ ಹೋಗುವುದಿಲ್ಲ. ಚಿಪ್ಪು ಮುಚ್ಚಿ ಕೂರುತ್ತದೆ.

ಈಗ ನಿಮ್ಮ ಮುಳುಗಿದ ಸಸಿ. ಉತ್ತರದ ಅರ್ಧವನ್ನು ನೀವೇ ಹೇಳಿದ್ದೀರಿ. ನೀರು ಒಂದೇ, ಉಪ್ಪೂ ಒಂದೇ. ಬೇರೆ ಇದ್ದದ್ದು ಗಾಳಿ. ಉಪ್ಪು ಎಲ್ಲ ಸಸಿಯ ಬೇರಿಗೂ ಸೋರಿ ಬರುತ್ತಿತ್ತು. ಅದನ್ನು ಹೊರಗೆ ಹಾಕಲು ಎಟಿಪಿ ಬೇಕು, ಎಟಿಪಿಗೆ ಆಮ್ಲಜನಕ ಬೇಕು. ಕೆಸರಿನಲ್ಲಿ ಆಮ್ಲಜನಕ ಇರುವುದೇ ಇಲ್ಲ ಅನ್ನಬಹುದು. ಭತ್ತ ಕೆಸರಿನಲ್ಲಿ ಬದುಕುವುದು ಎಲೆಯಿಂದ ಬೇರಿನವರೆಗೆ ಒಳಗೊಳಗೇ ಗಾಳಿಯ ಕೊಳವೆ ಇರುವುದರಿಂದ. ತುದಿ ನೀರಿನ ಮೇಲಿದ್ದ ಸಸಿ ಆ ಕೊಳವೆಯಲ್ಲಿ ಬೇರಿಗೆ ಗಾಳಿ ಕಳಿಸುತ್ತಿತ್ತು, ಬೇರಿನ ಪಂಪು ನಡೆಯುತ್ತಿತ್ತು. ಪೂರ್ತಿ ಮುಳುಗಿದ ಸಸಿಗೆ ಆ ದಾರಿ ಕಟ್ಟಿತು. ಕದಡಿದ ನೀರಿನಲ್ಲಿ ಬಿಸಿಲೂ ಸಿಗದೆ ಎಲೆ ಅನ್ನ ಮಾಡುವುದೂ ನಿಂತಿತು. ಆಮ್ಲಜನಕ ಇಲ್ಲದೆ ಒಂದು ಗ್ಲೂಕೋಸಿಗೆ ಸಿಗುವ ಎಟಿಪಿ ಎರಡು ಮಾತ್ರ. ಇದ್ದರೆ ಸುಮಾರು ಮೂವತ್ತು. ಆ ಎರಡರಲ್ಲಿ ಪಂಪು ನಡೆಯಲಿಲ್ಲ, ಉಪ್ಪು ಒಳಗೆ ಕೂತಿತು. ನಿಮ್ಮ ಆ ಸಸಿಯನ್ನು ಉಪ್ಪು ಮತ್ತು ಮುಳುಗಡೆ ಎರಡೂ ಸೇರಿ ಕೊಂದವು. ಬೇರೆ ಬೇರೆಯಾಗಿ ಬಂದಿದ್ದರೆ ಕಗ್ಗ ಬಹುಶಃ ಎರಡನ್ನೂ ತಡೆಯುತ್ತಿತ್ತು. ಕಗ್ಗ ಎತ್ತರ ಬೆಳೆಯುವ ತಳಿಯಾಗಿರುವುದು ಎಷ್ಟು ಉಪಕಾರ ಎಂದು ಈಗ ಕಾಣುತ್ತದೆ. ಅದರ ಇಳುವರಿ ಕಡಿಮೆ ಎಂದು ಮೂಗು ಮುರಿಯುವವರಿದ್ದಾರೆ. ಉಪ್ಪಿನ ಮೇಲೆ ಖರ್ಚು ಮಾಡಿದ ಶಕ್ತಿ ಕಾಳಿಗೆ ಹೋಗುವುದಿಲ್ಲ. ಆ ಕಾಳು ಕಡಿಮೆ ಎಂದು ನಾನು ಯಾವತ್ತೂ ಹೇಳಲಾರೆ.

ಹಾಗಾಗಿ ಮತ್ತೆ ಕಟ್ಟೆ ಒಡೆದರೆ, ಉಪ್ಪು ಪೂರ್ತಿ ತೊಳೆಯುವವರೆಗೆ ಕಾಯಬೇಡಿ. ಮೊದಲ ಇಳಿತದಲ್ಲೇ ಹಲಗೆ ತೆಗೆದು, ಎಲೆಯ ತುದಿ ಗಾಳಿಗೆ ಬರುವಷ್ಟಾದರೂ ನೀರು ಇಳಿಸಿ. ಉಪ್ಪು ತೊಳೆಯುವುದು ಆಮೇಲೆ. ಮಗಳಿಗೆ ಹೇಳಿ, ಒಂದು ಬಲಿತ ಕಗ್ಗದ ಸಸಿ ಕಿತ್ತು, ಬುಡದ ಹತ್ತಿರ ದಪ್ಪ ಬೇರನ್ನು ಬ್ಲೇಡಿನಿಂದ ಅಡ್ಡ ಕತ್ತರಿಸಿ ಭೂತಗನ್ನಡಿ ಹಿಡಿದು ನೋಡಲಿ. ಸುತ್ತ ಖಾಲಿ ಖಾಲಿ ಕೋಣೆಗಳು ಕಾಣುತ್ತವೆ. ಹೋದ ವರ್ಷ ಉಳಿದ ಸಸಿಗಳ ಬೇರಿಗೆ ಗಾಳಿ ಬಂದದ್ದು ಆ ಕೋಣೆಗಳ ಮೂಲಕ.